ಜೇಡದ ಭಯ ಬೇರೆ, ಟರಾಂಟುಲಾದ ಅಪಾಯ ಬೇರೆ: ಒಂದು ಅಧ್ಯಯನ ಟಿಪ್ಪಣಿ

ಜೇಡದ ಭಯ ನಮಗೆ ಮನಃಶಾಸ್ತ್ರದ ತರಗತಿಯಲ್ಲಿ ಬರುತ್ತದೆ, ಮೈತುಂಬ ಕೂದಲಿರುವ ದೊಡ್ಡ ಜೇಡ ಟರಾಂಟುಲಾ ಪ್ರಾಣಿಶಾಸ್ತ್ರದ ತರಗತಿಯಲ್ಲಿ. ಎರಡನ್ನೂ ಜೊತೆಗಿಟ್ಟು ಓದುವುದು ಅಪರೂಪ, ಹಾಗಾಗಿ ಒಂದು ಗೊಂದಲ ಹಾಗೇ ಉಳಿದುಬಿಡುತ್ತದೆ. ಹೆದರುವವರು ‘ಕಚ್ಚಿದರೆ ಸತ್ತೇ ಹೋಗ್ತೀವಿ’ ಎನ್ನುತ್ತಾರೆ. ಸಾಕುವವರು ‘ಪಾಪದ್ದು, ಏನೂ ಮಾಡಲ್ಲ’ ಎಂದು ಅಂಗೈ ಮೇಲೆ ಬಿಟ್ಟುಕೊಂಡು ಫೋಟೊ ಹಾಕುತ್ತಾರೆ. ಇಬ್ಬರ ಲೆಕ್ಕವೂ ತಪ್ಪಿದೆ ಎನ್ನುವುದು ನನ್ನ ಅಭಿಪ್ರಾಯ. ಯಾಕೆ ಎಂದು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಭಯ ಎಲ್ಲಿಂದ ಬರುತ್ತದೆ

ಜೇಡ ಕಂಡರೆ ಮೈ ಜುಮ್ ಎನ್ನುವುದು ಕಾಯಿಲೆಯಲ್ಲ. ಭಯ ಆರು ತಿಂಗಳಿಗೂ ಹೆಚ್ಚು ಕಾಲ ಉಳಿದು, ಇರುವ ಅಪಾಯಕ್ಕಿಂತ ಬಹಳ ಹೆಚ್ಚಾಗಿ, ಬದುಕಿಗೆ ಅಡ್ಡಿ ಮಾಡತೊಡಗಿದಾಗ ಅದನ್ನು ‘ನಿರ್ದಿಷ್ಟ ಫೋಬಿಯಾ’ ಎನ್ನುತ್ತಾರೆ. ಬಚ್ಚಲುಮನೆಗೆ ಹೋಗಲು ಯಾರಾದರೂ ಜೊತೆಗೆ ಬರಲೇಬೇಕು, ಹಳೇ ಮನೆಯ ಅಟ್ಟ ಹತ್ತಲಾಗದು, ಇಂಥ ಸ್ಥಿತಿ. ಪ್ರಾಣಿಗಳ ಫೋಬಿಯಾ ಸಾಮಾನ್ಯವಾಗಿ ಬಾಲ್ಯದಲ್ಲೇ ಶುರುವಾಗುತ್ತದೆ.

ಹುಟ್ಟಿನಿಂದ ಬಂದದ್ದೋ ಕಲಿತದ್ದೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಹಾವು, ಜೇಡಗಳಂಥವುಗಳ ಭಯವನ್ನು ಬೇಗ ಕಲಿಯಲು ವಿಕಾಸವೇ ನಮ್ಮನ್ನು ಸಿದ್ಧ ಮಾಡಿಟ್ಟಿದೆ ಎಂದು ಅಮೆರಿಕದ ಮನಃಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ 1971ರಲ್ಲಿ ವಾದಿಸಿದರು. 2017ರಲ್ಲಿ ಪ್ರಕಟವಾದ ಜರ್ಮನಿ, ಸ್ವೀಡನ್ ಸಂಶೋಧಕರ ಅಧ್ಯಯನವೊಂದರಲ್ಲಿ ಆರು ತಿಂಗಳ ಕೂಸುಗಳಿಗೆ ಜೇಡದ ಚಿತ್ರ ಮತ್ತು ಹೂವಿನ ಚಿತ್ರ ತೋರಿಸಿದರು. ಜೇಡ ಕಂಡಾಗ ಕಣ್ಣಿನ ಪಾಪೆ ಹೆಚ್ಚು ಹಿಗ್ಗಿತು. ಇದನ್ನು ‘ಭಯ ಹುಟ್ಟಿನಿಂದಲೇ ಇದೆ’ ಎಂದು ಬರೆದುಬಿಡಬೇಡಿ. ಪಾಪೆ ಹಿಗ್ಗಿದರೆ ಮೈ ಎಚ್ಚೆತ್ತಿದೆ ಎಂದಷ್ಟೇ ಅರ್ಥ. ಆ ಎಚ್ಚರ ಭಯವಾಗಿ ಬೆಳೆಯುವುದು, ‘ಅಯ್ಯೋ’ ಎಂದು ಕಿರುಚುವ ಮನೆಯವರ ಮುಖ ನೋಡಿ ಇರಬಹುದು. ಇನ್ನೊಂದು ಕೋನವೂ ಇದೆ. ಬ್ರಿಟನ್ನಿನ ಮನಃಶಾಸ್ತ್ರಜ್ಞ ಗ್ರಹಾಂ ಡೇವಿ ಜೇಡದ ವಿಷಯದಲ್ಲಿ ಹೆದರಿಕೆಗಿಂತ ಅಸಹ್ಯಕ್ಕೆ ಹೆಚ್ಚು ಒತ್ತು ಕೊಟ್ಟರು. ನನಗಿದು ಸರಿ ಅನಿಸುತ್ತದೆ. ಜೇಡಕ್ಕೆ ಹೆದರುವ ಯಾರನ್ನಾದರೂ ಕೇಳಿ ನೋಡಿ, ವಿಷದ ಮಾತಿಗಿಂತ ಮೊದಲು ‘ಆ ಕಾಲುಗಳು, ಆ ಕೂದಲು, ಹರಿಯೋ ರೀತಿ’ ಎಂದೇ ಶುರುಮಾಡುತ್ತಾರೆ.

ಭಯ ಕಣ್ಣಿಗೂ ಮೋಸ ಮಾಡುತ್ತದೆ. ಅಮೆರಿಕದ ಒಹಾಯೊ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಜೇಡದ ಭಯ ಇರುವವರಿಗೆ ಜೀವಂತ ಟರಾಂಟುಲಾ ತೋರಿಸಿ, ಆಮೇಲೆ ಅದರ ಉದ್ದವನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸಲು ಹೇಳಿದರು. ಹೆಚ್ಚು ಹೆದರಿದವರ ಗೆರೆ ಹೆಚ್ಚು ಉದ್ದವಾಗಿತ್ತು.

ಭಯವನ್ನು ವರ್ಷಗಟ್ಟಲೆ ಸಾಕುವುದು ಮಾತ್ರ ತಪ್ಪಿಸಿಕೊಳ್ಳುವಿಕೆ. ಓಡಿಹೋದ ತಕ್ಷಣ ಜೀವಕ್ಕೆ ಹಾಯೆನಿಸುತ್ತದೆ, ಆ ಹಾಯೆನಿಸುವಿಕೆಯೇ ಮುಂದಿನ ಸಲವೂ ಓಡಿಸುತ್ತದೆ. ನಿಂತಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ತಿಳಿಯುವ ಅವಕಾಶವೇ ಸಿಗುವುದಿಲ್ಲ. ಇಡೀ ಚಿಕಿತ್ಸೆ ನಿಂತಿರುವುದು ಈ ಒಂದು ಅಂಶದ ಮೇಲೆ.

ಚಿಕಿತ್ಸೆಯಲ್ಲಿ ಟರಾಂಟುಲಾ

ಸ್ವೀಡನ್ನಿನ ಮನಃಶಾಸ್ತ್ರಜ್ಞ ಲಾರ್ಸ್-ಯೋರನ್ ಓಸ್ಟ್ 1989ರಲ್ಲಿ ಒಂದೇ ಬೈಠಕ್ಕಿನ ಚಿಕಿತ್ಸೆಯನ್ನು ವಿವರಿಸಿದರು. ಹೆಚ್ಚೆಂದರೆ ಮೂರು ಗಂಟೆ. ಚಿಕಿತ್ಸಕರು ಮೊದಲು ತಾವು ಮಾಡಿ ತೋರಿಸುತ್ತಾರೆ, ಹೆದರುವವರು ಒಂದೊಂದೇ ಹೆಜ್ಜೆ ಹತ್ತಿರ ಬರುತ್ತಾರೆ, ಯಾವುದಕ್ಕೂ ಬಲವಂತವಿಲ್ಲ. 2012ರಲ್ಲಿ ವರದಿಯಾದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ 12 ಜನ ಇಂಥದೇ ಒಂದು ಬೈಠಕ್ಕಿನ ಕೊನೆಗೆ ಜೀವಂತ ಟರಾಂಟುಲಾವನ್ನು ಮುಟ್ಟಿದರು. ಆರು ತಿಂಗಳ ನಂತರವೂ ಆ ಧೈರ್ಯ ಉಳಿದಿತ್ತು. ಅದೇ ವರ್ಷ ಲಾಸ್ ಏಂಜಲೀಸಿನಲ್ಲಿ ನಡೆದ ಅಧ್ಯಯನದ ಫಲಿತಾಂಶ ಇನ್ನೂ ಕುತೂಹಲದ್ದು. ಜೇಡದ ಎದುರು ನಿಂತು ‘ನನಗೆ ಭಯ ಆಗ್ತಿದೆ, ಈ ಅಸಹ್ಯದ ಜೇಡ ಮೈಮೇಲೆ ಹಾರಬಹುದು ಅನಿಸ್ತಿದೆ’ ಎಂಬಂತೆ ತಮ್ಮ ಭಯವನ್ನೇ ಬಾಯಿಬಿಟ್ಟು ಹೇಳಿದವರಿಗೆ, ಒಂದು ವಾರದ ಮೇಲೆ ಮತ್ತೆ ಜೇಡದ ಮುಂದೆ ನಿಂತಾಗ ಕೈ ಬೆವರುವುದು ಉಳಿದವರಿಗಿಂತ ಕಡಿಮೆಯಾಗಿತ್ತು. ‘ಏನಿಲ್ಲ, ಏನಿಲ್ಲ’ ಎಂದು ಸಮಾಧಾನ ಮಾಡುವ ನಮ್ಮ ಅಭ್ಯಾಸವನ್ನು ಇದರ ಪಕ್ಕದಲ್ಲಿಟ್ಟು ಯೋಚಿಸಿ.

ಇಲ್ಲಿಂದ ಒಂದು ತಪ್ಪು ತೀರ್ಮಾನಕ್ಕೆ ಜಾರುವುದು ಬಹಳ ಸುಲಭ: ಚಿಕಿತ್ಸೆಯಲ್ಲೇ ಮುಟ್ಟಿಸುತ್ತಾರೆ, ಅಂದಮೇಲೆ ಮುಟ್ಟುವುದರಲ್ಲಿ ಅಪಾಯವಿಲ್ಲ. ಚಿಕಿತ್ಸೆಯಲ್ಲಿ ಜೇಡ ಯಾವ ಜಾತಿಯದು ಎಂದು ಗೊತ್ತಿರುತ್ತದೆ, ಪಳಗಿದವರು ಪಕ್ಕದಲ್ಲಿರುತ್ತಾರೆ, ಸ್ಪರ್ಶ ಕೆಲವೇ ಕ್ಷಣದ್ದು. ಮನೆಯಲ್ಲಿ ದಿನಾ ಕೈಗೆತ್ತಿಕೊಳ್ಳುವವರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಭಯ ಹೋದರೆ ಹೋಗುವುದು ಭಯ ಮಾತ್ರ. ಜೇಡದ ಹಲ್ಲು, ಕೂದಲು ಎರಡೂ ಇದ್ದಲ್ಲೇ ಇರುತ್ತವೆ.

ಕಡಿತ

ಟರಾಂಟುಲಾ ಕಡಿತದಿಂದಲೇ ಮನುಷ್ಯ ಸತ್ತ ಖಚಿತ ದಾಖಲೆ ವೈದ್ಯಕೀಯ ಸಾಹಿತ್ಯದಲ್ಲಿಲ್ಲ. ಆದರೆ ಎಲ್ಲ ಜಾತಿಯೂ ಒಂದೇ ಅಲ್ಲ. ಅಮೆರಿಕ ಖಂಡಗಳ ಬಹುತೇಕ ಜಾತಿಗಳ ಕಡಿತ ನೋವು, ಊತದಲ್ಲಿ ಮುಗಿಯುತ್ತದೆ. ಏಷ್ಯಾ, ಆಫ್ರಿಕಾದವು ಹೆಚ್ಚು ಚುರುಕು, ವಿಷವೂ ಹೆಚ್ಚು ಬಲವಾದದ್ದು. ಅದರಲ್ಲೂ ಭಾರತ ಮತ್ತು ಶ್ರೀಲಂಕಾದ ಮರವಾಸಿ ಪೊಯಿಸಿಲೋಥೀರಿಯಾ ಕುಲದ ಜೇಡ ಕಚ್ಚಿದರೆ ತೀವ್ರ ಸ್ನಾಯುಸೆಳೆತ ಬರಬಹುದು. ಕೆಲವೊಮ್ಮೆ ಅದು ಶುರುವಾಗುವುದೇ ಗಂಟೆಗಳ ನಂತರ, ದಿನಗಟ್ಟಲೆ ಕಾಡಿದ್ದೂ ಉಂಟು. ಹೊರದೇಶದ ಸಾಕಣೆದಾರರ ನಡುವೆ ‘ಮೈಸೂರು ಆರ್ನಮೆಂಟಲ್’ ಎಂದು ಹೆಸರಾದ ಪೊಯಿಸಿಲೋಥೀರಿಯಾ ಸ್ಟ್ರಿಯಾಟಾ ಇದೇ ಕುಲದ್ದು, ನಮ್ಮ ಪಶ್ಚಿಮ ಘಟ್ಟದ ಕಡೆಯದು. ಹೆಸರಿನ ಚೆಂದಕ್ಕೆ ಮರುಳಾಗಿ ಕೈಗೆತ್ತಿಕೊಳ್ಳುವ ಪ್ರಾಣಿಯಲ್ಲ.

ಮನೆಯಲ್ಲಿ ನಾಯಿ ಇದ್ದವರು ಇನ್ನೂ ಎಚ್ಚರವಾಗಿರಬೇಕು. ಆಸ್ಟ್ರೇಲಿಯಾದಲ್ಲಿ ಅಲ್ಲಿನ ಟರಾಂಟುಲಾಗಳ ಕಡಿತ ಪ್ರಕರಣಗಳನ್ನು ಒಟ್ಟುಗೂಡಿಸಿ 2003ರಲ್ಲಿ ಪ್ರಕಟಿಸಿದರು. ಮನುಷ್ಯರಿಗೆ ಆದದ್ದು ಸಣ್ಣಪುಟ್ಟ ತೊಂದರೆ. ಕಡಿತಕ್ಕೊಳಗಾದ ಏಳು ನಾಯಿಗಳೂ ಸತ್ತವು.

ಕೂದಲು: ನಿಜವಾದ ತಲೆನೋವು

ಹೆದರುವವರಿಗೂ ಸಾಕುವವರಿಗೂ ಸಾಮಾನ್ಯವಾಗಿ ಹೊಳೆಯದ ಅಪಾಯ ಇದು. ಅಮೆರಿಕ ಖಂಡಗಳ ಬಹಳಷ್ಟು ಜಾತಿಗಳ ಹೊಟ್ಟೆಯ ಮೇಲೆ ಮುಳ್ಳಿರುವ ಸೂಕ್ಷ್ಮ ಕೂದಲು ಇರುತ್ತವೆ. ಕಿರಿಕಿರಿಯಾದಾಗ ಜೇಡ ಹಿಂಗಾಲಿನಿಂದ ಹೊಟ್ಟೆಯನ್ನು ರಪರಪನೆ ಉಜ್ಜಿ ಅವನ್ನು ಗಾಳಿಗೆ ತೂರುತ್ತದೆ. ಬಹಳ ದಿನ ಹೀಗೆ ತೂರಿದ ಜೇಡದ ಹೊಟ್ಟೆಯ ಹಿಂಭಾಗದಲ್ಲಿ ಬೋಳು ತೇಪೆ ಕಾಣುತ್ತದೆ, ಮುಂದಿನ ಸಲ ಪೊರೆ ಕಳಚಿದಾಗ ಅಲ್ಲಿ ಹೊಸ ಕೂದಲು. ಚರ್ಮಕ್ಕೆ ತಾಗಿದರೆ ಕಂಬಳಿಹುಳು ಹರಿದ ಹಾಗೆ ತುರಿಕೆ, ದದ್ದು. ಕೆಲವು ಬಗೆಯ ಕೂದಲು ಚರ್ಮದೊಳಗೆ ಸುಮಾರು 2 ಮಿಲಿಮೀಟರ್ ಆಳಕ್ಕೂ ಹೋಗಬಲ್ಲವು. ತಮ್ಮ ಗೂಡಿನಲ್ಲೂ ಮೊಟ್ಟೆಯ ಚೀಲದಲ್ಲೂ ಕೆಲವು ಜಾತಿಗಳು ಇವನ್ನು ಹೆಣೆದಿಡುವುದರಿಂದ, ಜೇಡ ಪೆಟ್ಟಿಗೆಯಲ್ಲಿ ಇಲ್ಲದಿದ್ದರೂ ಬರಿಗೈಲಿ ಅದನ್ನು ತೊಳೆಯುವಂತಿಲ್ಲ.

ಕಣ್ಣಿಗೆ ಹೋದರೆ ಮಾತ್ರ ಕಥೆ ಗಂಭೀರ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ 2009ರಲ್ಲಿ 29 ವರ್ಷದ ಒಬ್ಬರು ಕೆಂಪಾಗಿ ನೀರು ಸುರಿಯುತ್ತಿದ್ದ, ಬೆಳಕು ತಡೆಯದ ಕಣ್ಣಿನೊಂದಿಗೆ ಆಸ್ಪತ್ರೆಗೆ ಬಂದರು. ಮೂರು ವಾರದಿಂದ ಅದೇ ತೊಂದರೆ. ಮದ್ರಾಸ್ ಐ ಥರದ ಸೋಂಕು ಎಂದು ಕೊಟ್ಟ ಆಂಟಿಬಯಾಟಿಕ್ ಕೆಲಸ ಮಾಡಿರಲಿಲ್ಲ. ಹೆಚ್ಚು ಶಕ್ತಿಯ ಮಸೂರದಲ್ಲಿ ನೋಡಿದಾಗ ಕಾರ್ನಿಯಾದಲ್ಲಿ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಕೂದಲಿನಂಥ ತೀರಾ ಸಣ್ಣ ಎಳೆಗಳು ಚುಚ್ಚಿಕೊಂಡಿದ್ದವು. ಅದನ್ನು ಹೇಳಿದಾಗಲೇ ರೋಗಿಗೆ ನೆನಪಾಯಿತು: ಸಾಕಿದ ಚಿಲಿಯನ್ ರೋಸ್ ಟರಾಂಟುಲಾದ ಗಾಜಿನ ಪೆಟ್ಟಿಗೆಯ ಕಲೆ ಉಜ್ಜುತ್ತಿದ್ದಾಗ ಅದು ಮುಖಕ್ಕೆ ಕೂದಲಿನ ಮಂಜು ಎರಚಿತ್ತು. ಸೂಕ್ಷ್ಮ ಚಿಮುಟದಿಂದಲೂ ತೆಗೆಯಲಾಗದಷ್ಟು ಸಣ್ಣ ಕೂದಲು, ಕೊನೆಗೆ ಸ್ಟೀರಾಯ್ಡ್ ಹನಿಯೇ ಗತಿಯಾಯಿತು. ಗಮನಿಸಿ, ಆತ ಜೇಡವನ್ನು ಕೈಗೆತ್ತಿಕೊಂಡೇ ಇರಲಿಲ್ಲ. ಅದೂ ಹೊಸಬರಿಗೆ ‘ಸಾಧು ಜಾತಿ’ ಎಂದು ಸೂಚಿಸುವ ಜೇಡ.

ಜೇಡದ ಕಡೆಯಿಂದ

ಕೈಗೆತ್ತಿಕೊಳ್ಳುವುದರಿಂದ ಹೆಚ್ಚು ನಷ್ಟವಾಗುವುದು ಬಹುಶಃ ಜೇಡಕ್ಕೇ. ಅದರ ಎದೆಭಾಗ ಗಟ್ಟಿ, ಹೊಟ್ಟೆ ಮಾತ್ರ ತೆಳು ಚರ್ಮದ ಚೀಲ. ಎದೆಯೆತ್ತರದಿಂದ ಟೈಲ್ಸ್ ನೆಲಕ್ಕೆ ಬಿದ್ದರೆ ಒಡೆಯಬಹುದು. ಜೇಡದ ಕಾಲಿನ ಮುಖ್ಯ ಕೀಲುಗಳನ್ನು ಚಾಚಲು ಸ್ನಾಯುಗಳಿಲ್ಲ, ದೇಹದ್ರವದ ಒತ್ತಡದಿಂದಲೇ ಕಾಲು ಚಾಚಬೇಕು. ದ್ರವ ಸೋರಿದರೆ ಕಾಲುಗಳು ಒಳಕ್ಕೆ ಮುದುಡಿಕೊಳ್ಳುತ್ತವೆ. ಹೆಣ್ಣುಗಳು ಎಷ್ಟೋ ಜಾತಿಗಳಲ್ಲಿ 20 ವರ್ಷ ದಾಟಿ ಬದುಕುತ್ತವೆ, ಅಂಥ ಜೀವ ಒಂದು ಫೋಟೊಗಾಗಿ ಹೋಗುವುದು ನನಗೆ ಸಹಿಸಲಾಗದ ಮಾತು. ಅಂಗೈ ಮೇಲೆ ಸುಮ್ಮನೆ ಕೂತಿದ್ದನ್ನು ಪ್ರೀತಿ ಎಂದು ಓದಬೇಡಿ. ಒಡೆಯನನ್ನು ಗುರುತಿಸಿ ಒಗ್ಗಿಕೊಳ್ಳುತ್ತದೆ ಎನ್ನಲು ಆಧಾರವಿಲ್ಲ. ಬೆನ್ನ ಮೇಲೆ ಮಲಗಿದ್ದರೆ ಸತ್ತಿದೆ ಎಂದು ಮುಟ್ಟಲೂಬಾರದು, ಪೊರೆ ಕಳಚುವುದು ಹಾಗೆಯೇ.

ಕಾನೂನಿನ ಮಾತು ಚಿಕ್ಕದು. ಪೊಯಿಸಿಲೋಥೀರಿಯಾ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2019ರಿಂದ ಸೈಟಿಸ್ (ಅಳಿವಿನ ಭೀತಿಯ ಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ) ಒಪ್ಪಂದದ ನಿಯಂತ್ರಣವಿದೆ, 2022ರ ತಿದ್ದುಪಡಿಯಿಂದ ನಮ್ಮ ವನ್ಯಜೀವಿ ಕಾಯ್ದೆಯೂ ಸೈಟಿಸ್ ಪಟ್ಟಿಯ ಜೀವಿಗಳನ್ನು ಒಳಗೊಂಡಿದೆ. ಘಟ್ಟದಲ್ಲಿ ಕಂಡದ್ದನ್ನು ಡಬ್ಬಿಯಲ್ಲಿ ಹಾಕಿಕೊಂಡು ಬರಬೇಡಿ.

ಅಕಸ್ಮಾತ್ ಆದರೆ

ಚರ್ಮಕ್ಕೆ ಕೂದಲು ತಾಗಿದರೆ ಉಜ್ಜಬಾರದು. ಅಂಟುಟೇಪನ್ನು ಒತ್ತಿ ಎಳೆದು, ಆಮೇಲೆ ಸೋಪುನೀರಿನಲ್ಲಿ ತೊಳೆಯಿರಿ. ಕಚ್ಚಿದರೆ ಗಾಯ ತೊಳೆದು ಗಮನಿಸುತ್ತಿರಿ, ಸೆಳೆತ ಅಥವಾ ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಜಾತಿಯ ಹೆಸರು ಬರೆದುಕೊಂಡು ಹೋದರೆ ವೈದ್ಯರಿಗೆ ಅನುಕೂಲ. ಜೇಡವನ್ನು ಸ್ಥಳಾಂತರಿಸಬೇಕಾದರೆ ಪಾರದರ್ಶಕ ಡಬ್ಬಿ ಮತ್ತು ಮೃದು ಕುಂಚ ಸಾಕು, ಕೈ ಬೇಡವೇ ಬೇಡ, ಕಣ್ಣಿಗೆ ಕನ್ನಡಕ ಇರಲಿ. ಕಣ್ಣು ಕೆಂಪಾದರೆ ನೀರಿನಿಂದ ತೊಳೆದು ಕಣ್ಣಿನ ವೈದ್ಯರ ಬಳಿ ಹೋಗಿ, ಮನೆಯಲ್ಲಿ ಟರಾಂಟುಲಾ ಇದೆ ಎಂದು ಅವರು ಕೇಳುವ ಮೊದಲೇ ಹೇಳಿ.