ಗಣಪತ ಗಲ್ಲಿಯಲ್ಲಿ ತಟ್ಟು, ಮಾರುಕಟ್ಟೆಯಲ್ಲಿ ಬೀಗ

ಹಬ್ಬದ ಹಿಂದಿನ ದಿನ ಬೆಳಗಾವಿಯ ಗಣಪತ ಗಲ್ಲಿಯನ್ನು ಈ ತುದಿಯಿಂದ ಆ ತುದಿಗೆ ದಾಟಿದವರಿಗೆ ಗೊತ್ತು, ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎರಡೂ ಕಡೆ ಗೋಣಿ ತಟ್ಟು ಹಾಸಿ ಕೂತ ಹೆಣ್ಣುಮಕ್ಕಳು, ನಡುವೆ ಬಾಳೆಹಣ್ಣಿನ ಕೈಗಾಡಿ, ಅದರ ಹಿಂದೆ ಹಾರ್ನ್ ಒತ್ತುವ ಸ್ಕೂಟರ್. ಆಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ಪಾಲಿಕೆಯ ಮಳಿಗೆಗಳು ಖಾಲಿ ಬಿದ್ದಿರುವಾಗ ಇವರು ರಸ್ತೆಯಲ್ಲೇ ಯಾಕೆ ಕೂಡಬೇಕು?

ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದೆ ಹೋಗಬೇಕು. ದಂಡಿನವರಿಗೆ ಕಾಯಿಪಲ್ಯ ಒದಗಿಸುತ್ತಿದ್ದ ಕ್ಯಾಂಪ್ ಬಜಾರು, ವಾರದ ಹೆಸರು ಹೊತ್ತ ಪೇಟೆಗಳು, 1956ರಲ್ಲಿ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದ್ದು, ಇವೆಲ್ಲ ಮುಗಿಯುವವರೆಗೂ ಊರಿನ ಆಡಳಿತಕ್ಕೆ ಬೀದಿ ವ್ಯಾಪಾರಿ ಎಂದರೆ ಚೀಟಿ ಹರಿದು ನಾಲ್ಕಾಣೆ ವಸೂಲಿ ಮಾಡಬೇಕಾದವನು, ಅಷ್ಟೇ. ಲೆಕ್ಕ ಬದಲಾದದ್ದು 1979ರ ಹೊತ್ತಿಗೆ. ಆ ವರ್ಷ ಕರ್ನಾಟಕದಲ್ಲಿ ಊರೊಳಗೆ ಬರುವ ಮಾಲಿನ ಮೇಲಿನ ಜಕಾತಿ ರದ್ದಾಯಿತು, ಊರಿನ ಬಾಗಿಲಲ್ಲೇ ಸಿಗುತ್ತಿದ್ದ ರೊಕ್ಕ ನಿಂತಿತು. ಅದೇ ಸುಮಾರಿಗೆ ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಅಭಿವೃದ್ಧಿಗೆಂದು ಕೇಂದ್ರದ ಯೋಜನೆಯೊಂದು ಬಂತು. ವಾಣಿಜ್ಯ ಮಳಿಗೆ ಕಟ್ಟಿ ಬಾಡಿಗೆಯಿಂದ ಆದಾಯ ಮಾಡಿಕೊಳ್ಳಿ ಎಂಬುದು ಅದರ ಧಾಟಿ. ರಾಜ್ಯದ ಊರೂರಲ್ಲಿ ಕಾಂಪ್ಲೆಕ್ಸ್‌ಗಳು ಎದ್ದವು. ಮಳಿಗೆ ಮೊದಲು ಬೊಕ್ಕಸಕ್ಕಾಗಿ, ಆಮೇಲೆ ವ್ಯಾಪಾರಿಗಾಗಿ ಎಂಬ ಕ್ರಮ ಅಲ್ಲಿಂದ ಗಟ್ಟಿಯಾಯಿತು ಎಂದು ನನ್ನ ಅನಿಸಿಕೆ.

ಮಳಿಗೆ ಸಿಗುವುದು ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ. ಠೇವಣಿ ಮೊದಲೇ ಕಟ್ಟಬೇಕು, ಗುತ್ತಿಗೆ ವರ್ಷಗಟ್ಟಲೆ. ಹುರುಪಿನಲ್ಲಿ ಕೂಗಿದವರಿಗೆ ಆಮೇಲೆ ಬಾಡಿಗೆ ಕಟ್ಟಲು ಆಗುವುದಿಲ್ಲ. ಕೆಲವರು ಒಳಬಾಡಿಗೆಗೆ ಕೊಡುತ್ತಾರೆ, ಕೆಲವರು ಕೋರ್ಟಿನಿಂದ ತಡೆ ತರುತ್ತಾರೆ, ಅಷ್ಟು ದಿನ ಶಟರ್ ಇಳಿದೇ ಇರುತ್ತದೆ. ಮೇಲಿನ ಅಂತಸ್ತಿನದು ಬೇರೆಯೇ ಕಥೆ. ಹತ್ತು ರೂಪಾಯಿಯ ಕೊತ್ತಂಬರಿಗಾಗಿ ಮೆಟ್ಟಿಲು ಹತ್ತುವ ಗಿರಾಕಿ ಇನ್ನೂ ಹುಟ್ಟಿಲ್ಲ.

ಇತ್ತ ಗಲ್ಲಿಯಲ್ಲಿ ಕೂಡುವವಳ ಬಂಡವಾಳ ನೋಡಿ. ಒಂದು ತಟ್ಟು, ಒಂದು ತಕ್ಕಡಿ, ಮೆಂತ್ಯೆ ಸಿವುಡುಗಳ ಮೇಲೆ ಚಿಮುಕಿಸಲು ಬಾಟಲಿಯಲ್ಲಿ ನೀರು. ಪಾಲಿಕೆಯ ಗಾಡಿ ಬಂತು ಎಂಬ ಕೂಗು ಕೇಳಿದರೆ ತಟ್ಟಿನ ನಾಲ್ಕು ಮೂಲೆ ಒಂದೇ ಹಿಡಿಯಲ್ಲಿ ಸೇರುತ್ತವೆ, ಗಂಟು ತಲೆಗೇರುತ್ತದೆ. ಗಾಡಿ ಮೂಲೆ ದಾಟುವುದರೊಳಗೆ ಅದೇ ಜಾಗದಲ್ಲಿ ಮತ್ತೆ ತಟ್ಟು. ತಕ್ಕಡಿ ಸಿಕ್ಕಿಬಿದ್ದರೆ ಮಾತ್ರ ಆ ದಿನದ ದಂಧೆ ಮುಗಿದಂತೆ. ನಾನೂ ಅಲ್ಲೇ ಬಗ್ಗಿ ಕೊಳ್ಳುವವನು, ಮನೆಗೆ ಬಂದು ಟ್ರಾಫಿಕ್ಕಿಗೆ ಬೈಯುವವನೂ ಹೌದು.

ಕಾನೂನು ಈ ತಟ್ಟಿನ ಹತ್ತಿರ ಬರಲು ತಡವಾಯಿತು. ಬೀದಿ ವ್ಯಾಪಾರವೂ ಸಂವಿಧಾನ ಕೊಟ್ಟ ವೃತ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆ, ಆದರೆ ಅದಕ್ಕೆ ಮಿತಿ ಹಾಕಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1989ರಲ್ಲಿ, ಸೋಧನ್ ಸಿಂಗ್ ಪ್ರಕರಣದಲ್ಲಿ. ಬೀದಿ ವ್ಯಾಪಾರಿಗಳ ಕಾಯ್ದೆ ಬಂದದ್ದು 2014ರಲ್ಲಿ. ಅದರ ಪ್ರಕಾರ ಐದು ವರ್ಷಕ್ಕೊಮ್ಮೆ ಸಮೀಕ್ಷೆ ಆಗಬೇಕು. ಅದು ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಆಮೇಲೂ 30 ದಿನಗಳ ನೋಟಿಸ್ ಬೇಕು. ಜಪ್ತಿಯಾದ ಮಾಲು ಕೊಳೆಯುವಂಥದ್ದಾದರೆ, ಶುಲ್ಕ ಕಟ್ಟಿ ಕೇಳಿದ ದಿನವೇ ವಾಪಸು ಕೊಡಬೇಕು. ಕಾಯ್ದೆ ಹೇಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು. ಜನಸಂಖ್ಯೆಯ ಶೇ. 2.5ರ ತನಕ ವ್ಯಾಪಾರಿಗಳಿಗೆ ಜಾಗ ಮಾಡಬೇಕು ಎಂಬ ಲೆಕ್ಕವೂ ಇದೆ. 2011ರ ಗಣತಿಯ ಸುಮಾರು 4.88 ಲಕ್ಷ ಹಿಡಿದರೆ ಬೆಳಗಾವಿಗೆ ಅದು ಹನ್ನೆರಡು ಸಾವಿರದ ಆಸುಪಾಸು. ಕೋವಿಡ್ ವರ್ಷ 2020ರಲ್ಲಿ ಬೀದಿ ವ್ಯಾಪಾರಿಗಳಿಗೆಂದು ಕೇಂದ್ರದ ಸ್ವನಿಧಿ ಯೋಜನೆಯ ಹತ್ತು ಸಾವಿರ ರೂಪಾಯಿ ಸಾಲವೂ ಬಂತು. ಸಾಲ ಸಿಕ್ಕಿತು, ಕೂಡುವ ಜಾಗ ಮಾತ್ರ ಖಾತ್ರಿಯಾಗಲಿಲ್ಲ.

ಸಗಟು ಪೇಟೆಯಲ್ಲೂ ಬೀಗದ ಕಥೆ ಇದೆ. 2019ರಲ್ಲಿ ಕಾಯಿಪಲ್ಯದ ಸಗಟು ವ್ಯಾಪಾರ ಕ್ಯಾಂಪ್ ಪ್ರದೇಶದಿಂದ ಎಪಿಎಂಸಿ ಯಾರ್ಡಿಗೆ ಹೋಯಿತು. 2022ರಲ್ಲಿ ಗಾಂಧಿನಗರದ ಕಡೆ ಖಾಸಗಿ ಸಗಟು ಮಾರುಕಟ್ಟೆ ಶುರುವಾದಾಗ ವ್ಯಾಪಾರಿಗಳು ಅತ್ತ ಹೊರಟರು, ಯಾರ್ಡಿನಲ್ಲಿ ಹೊಸದಾಗಿ ಕಟ್ಟಿದ ಮಳಿಗೆಗಳು ಭಣಗುಟ್ಟಿದವು. ಹೋದವರದೂ ಉಳಿದವರದೂ ಪ್ರತಿಭಟನೆ ನಡೆಯಿತು, ತಂಟೆ ವರ್ಷಗಟ್ಟಲೆ ಎಳೆಯಿತು. ಎರಡರ ನಡುವೆ ಸಿಕ್ಕಿದ್ದು ಚಿಲ್ಲರೆ ಮಾರುವವಳು. ಆ ದಿನ ಮಾಲು ಎಲ್ಲಿ ಇಳಿಯುತ್ತದೆ ಎಂದು ನಸುಕಿನಲ್ಲೇ ವಿಚಾರಿಸಿಕೊಂಡು ಟೆಂಪೋ ಹಿಡಿಯಬೇಕಾಯಿತು. ಮಾರಲು ಮಾತ್ರ ಮತ್ತೆ ಗಣಪತ ಗಲ್ಲಿಗೇ ಬರಬೇಕು, ಗಿರಾಕಿ ಇರುವುದು ಅಲ್ಲೇ ತಾನೆ.

ಹಾಗಾದರೆ ಖಾಲಿ ಮಳಿಗೆಗೆ ಇವರನ್ನೇ ಕಳಿಸಿದರಾಯಿತಲ್ಲ ಎಂಬುದು ಸುಲಭದ ಮಾತು. ಸವಾಲು ಬಿಟ್ಟು, ನೆಲ ಅಂತಸ್ತಿನಲ್ಲಿ ಮೂರಡಿ ಕಟ್ಟೆ ಮಾಡಿ ದಿನದ ಚೀಟಿಗೆ ಕೊಟ್ಟರೆ ಎಷ್ಟೋ ಮಂದಿ ಹೋದಾರು. ಹತ್ತಡಿಯ ಶಟರ್ ಕೋಣೆಗೆ ಹೋಗಲಾರರು.

2014ರ ಕಾಯ್ದೆಯಲ್ಲಿ ಚರ್ಚೆಗೆ ಕಡಿಮೆ ಬರುವ ಒಂದು ಮಾತಿದೆ. ವ್ಯಾಪಾರಿಗಳು ಐವತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಕೂಡುತ್ತ ಬಂದ, ತಾನಾಗಿಯೇ ಬೆಳೆದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿಯವರನ್ನು ಸ್ಥಳಾಂತರಿಸುವಂತಿಲ್ಲ. ಸಹಜ ಮಾರುಕಟ್ಟೆ ಯಾವುದು ಎಂದು ಶಿಫಾರಸು ಮಾಡಬೇಕಾದದ್ದು ಅದೇ ವ್ಯಾಪಾರ ಸಮಿತಿ. ಅದಕ್ಕೆ ಪುರಾವೆ ಬೇಕಾದರೆ ಬೆಳಿಗ್ಗೆ ಗಲ್ಲಿಗೆ ಬಂದು ಈ ಜಾಗ ನಿಮಗೆ ಹೇಗೆ ಬಂತು ಎಂದು ಕೇಳಬಹುದು. "ನಮ್ಮ ಅತ್ತಿ ಕೂಡತಿದ್ಲರೀ" ಎಂದು ಶುರುಮಾಡುವವರು ಅಲ್ಲಿ ಒಬ್ಬಿಬ್ಬರಲ್ಲ.