ಮೊಬೈಲಿನಲ್ಲಿ ರೇಡಿಯೊ ಕೇಳುವುದು, ಕಡತ ದಾಟಿಸುವುದು: ಅಧ್ಯಯನ ಟಿಪ್ಪಣಿ

ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುತ್ತ ಮೊಬೈಲಿನಲ್ಲಿ ಆಕಾಶವಾಣಿ ಕೇಳುವವರು ಒಂದನ್ನು ಗಮನಿಸಿರಬಹುದು: ಸಿಗ್ನಲ್ ಪೂರ್ತಿ ಹೋದ ಮೇಲೂ ವಾರ್ತೆ ಕೆಲವು ಸೆಕೆಂಡು ಮುಂದುವರಿದು, ಅನಂತರ ನಿಲ್ಲುತ್ತದೆ. ಆ ಸೆಕೆಂಡುಗಳು ಎಲ್ಲಿಂದ ಬಂದವೆಂದು ತಿಳಿದರೆ ಸ್ಟ್ರೀಮಿಂಗ್, ಅಂದರೆ ಇಂಟರ್ನೆಟ್ ಮೂಲಕ ಬರುತ್ತಿರುವಂತೆಯೇ ಕೇಳುವ ವಿಧಾನ, ಅರ್ಧ ಅರ್ಥವಾದಂತೆ. ಧ್ವನಿಯು ಸಣ್ಣ ಸಣ್ಣ ತುಣುಕುಗಳಾಗಿ ಬರುತ್ತದೆ. ನಲ್ಲಿ ನೀರು ಬಂದಾಗ ನಾವು ತೊಟ್ಟಿ ತುಂಬಿಸಿಕೊಳ್ಳುವಂತೆ ಆ್ಯಪ್ ಕೂಡ ಕೆಲವು ತುಣುಕುಗಳನ್ನು ಮುಂಚಿತವಾಗಿ ಕೂಡಿಟ್ಟುಕೊಳ್ಳುತ್ತದೆ. ಇದಕ್ಕೆ ಬಫರ್ ಎನ್ನುತ್ತಾರೆ. ಇದರಿಂದಾಗಿಯೇ ಆ್ಯಪ್‌ನ ನೇರಪ್ರಸಾರವು ರೇಡಿಯೊ ಸೆಟ್ಟಿಗಿಂತ ತುಸು ಹಿಂದಿರುತ್ತದೆ. ಅದರಲ್ಲಿ ಕೇಳಿದ ಸಮಯ ಸಂಕೇತಕ್ಕೆ ಗಡಿಯಾರ ಹೊಂದಿಸಬಾರದು.

ಮೊಬೈಲಿನ ಎಫ್‌ಎಂ ಮತ್ತು ಸ್ಟ್ರೀಮಿಂಗ್ ಒಂದೇ ಅಲ್ಲ. ಎಫ್‌ಎಂ ಗಾಳಿಯಲ್ಲಿನ ತರಂಗವನ್ನು ಹಿಡಿಯುತ್ತದೆ, ಇಯರ್‌ಫೋನಿನ ತಂತಿಯೇ ಅದಕ್ಕೆ ಆಂಟೆನಾ, ಡೇಟಾ ಖರ್ಚಾಗುವುದಿಲ್ಲ. ಆದರೆ ಪ್ರಸಾರ ಕೇಂದ್ರದಿಂದ ದೂರವಾದಂತೆ ಧ್ವನಿ ಕ್ಷೀಣಿಸುತ್ತದೆ. ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆ್ಯಪ್‌ಗೆ ಆ ಮಿತಿಯಿಲ್ಲ, ಡೇಟಾ ಬೇಕು. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಇದಕ್ಕೊಂದು ಹಿನ್ನೆಲೆಯಿದೆ: ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಅವಕಾಶ ದೊರೆತದ್ದು 2006ರ ನೀತಿಯಿಂದ, ಅದಕ್ಕೂ ಮುನ್ನವೇ ಅಲ್ಲಿನ 'ನಮ್ಮ ಧ್ವನಿ' ಕೇಂದ್ರವು ಗಾಳಿಯ ಬದಲು ಕೇಬಲ್ ತಂತಿಯ ಮೂಲಕ ಮನೆಗಳಿಗೆ ಕಾರ್ಯಕ್ರಮ ತಲುಪಿಸುತ್ತಿತ್ತು. ಧ್ವನಿ ಯಾವ ದಾರಿಯಲ್ಲಿ ಬರುತ್ತದೆ ಎಂಬ ಪ್ರಶ್ನೆ ಆಗಲೂ ಮುಖ್ಯವಾಗಿತ್ತು.

ಡೇಟಾ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಬೇಕು. 8 ಬಿಟ್ ಸೇರಿದರೆ 1 ಬೈಟ್, ಆದ್ದರಿಂದ ಸೆಕೆಂಡಿಗೆ 64 ಕಿಲೋಬಿಟ್ ವೇಗದ ಪ್ರಸಾರವನ್ನು 8ರಿಂದ ಭಾಗಿಸಿದರೆ 8 ಕಿಲೋಬೈಟ್. ಗಂಟೆಯ 3,600 ಸೆಕೆಂಡಿಗೆ ಗುಣಿಸಿದರೆ 28.8 ಮೆಗಾಬೈಟ್. ವೇಗ 128 ಆದರೆ 57.6. ದಿನಕ್ಕೆ 1.5 ಜಿಬಿ ಇರುವವರು ರೇಡಿಯೊ ಕೇಳಲು ಹೆದರಬೇಕಾಗಿಲ್ಲ. ಡೇಟಾ ನುಂಗುವುದು ವಿಡಿಯೊ.

ಇನ್ನು ಕಡತ. ಅಜ್ಜಿ ಹಾಡಿದ ಸೋಬಾನೆ ಪದವನ್ನು ಮೊಬೈಲಿನಲ್ಲಿ ಅರ್ಧ ಗಂಟೆ ಧ್ವನಿಮುದ್ರಿಸಿದ್ದೇವೆ, 64 ಕಿಲೋಬಿಟ್ ಲೆಕ್ಕದಲ್ಲಿ ಅದು 14.4 ಮೆಗಾಬೈಟ್ ಆಯಿತು ಎನ್ನೋಣ. ಪಕ್ಕದಲ್ಲಿ ಕುಳಿತವರಿಗೆ ಬ್ಲೂಟೂತ್ ಮೂಲಕ, ಸೆಕೆಂಡಿಗೆ 2 ಮೆಗಾಬಿಟ್ ಸಿಕ್ಕರೆ, ಸುಮಾರು 1 ನಿಮಿಷದಲ್ಲಿ ಕಳುಹಿಸಬಹುದು. ಆಂಡ್ರಾಯ್ಡ್ ಫೋನುಗಳ ಕ್ವಿಕ್ ಶೇರ್ ಸೌಲಭ್ಯವು ಬ್ಲೂಟೂತಿನಿಂದ ಪಕ್ಕದ ಫೋನನ್ನು ಗುರುತಿಸಿ, ದೊಡ್ಡ ಕಡತವನ್ನು ವೈಫೈ ಮೂಲಕ ದಾಟಿಸಬಲ್ಲದಾದ್ದರಿಂದ ಬಹಳ ಬೇಗ ಮುಗಿಸುತ್ತದೆ. ಎರಡು ಫೋನುಗಳು ನೇರವಾಗಿ ಮಾತಾಡಿಕೊಳ್ಳುವಾಗ ಮೊಬೈಲ್ ಡೇಟಾ ಖರ್ಚಾಗದು. ಊರಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಹಿಂದೆ ಎಲ್ಲರ ಫೋನಿನಲ್ಲೂ ಇದ್ದ ಶೇರ್‌ಇಟ್, ಕ್ಸೆಂಡರ್ ಆ್ಯಪ್‌ಗಳನ್ನು ಸರ್ಕಾರ 2020ರ ಜೂನ್‌ನಲ್ಲಿ ನಿಷೇಧಿಸಿತು. ಯಾರೋ ಕೊಟ್ಟ ಹಳೆಯ ಪ್ರತಿಯನ್ನು ಹಾಕಿಕೊಳ್ಳಬಾರದು.

ಫೋಟೊಗಳಲ್ಲಿ ಒಂದು ಎಚ್ಚರ ಅಗತ್ಯ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಳುಹಿಸಿದ ಫೋಟೊ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಿದರೆ ಮೂಲ ರೂಪದಲ್ಲೇ ತಲುಪುತ್ತದೆ. ಹಳೆಯ ಪಹಣಿಯ ಚಿತ್ರ ಕಳುಹಿಸುವಾಗ ಸಣ್ಣ ಅಕ್ಷರಗಳು ಓದಲು ಬರುವುದೂ ಬಾರದಿರುವುದೂ ಇದರ ಮೇಲೆಯೇ ನಿಂತಿರುತ್ತದೆ. ಪೆನ್‌ಡ್ರೈವ್‌ಗೆ ಹಾಕುವುದಾದರೆ, ಅದು ಫ್ಯಾಟ್32 ಎಂಬ ಫಾರ್ಮ್ಯಾಟ್‌ನಲ್ಲಿ (ಕಡತಗಳನ್ನು ಜೋಡಿಸಿಡುವ ಒಂದು ವಿಧಾನ) ಇದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಕಡತವನ್ನು ಸ್ವೀಕರಿಸದು. ಯಾವ ವಿಧಾನವೇ ಆಗಲಿ, ತಲುಪಿದ ಕಡತದ ಗಾತ್ರವನ್ನು ಮೂಲದೊಂದಿಗೆ ಹೋಲಿಸಿ, ಹಾಡಾದರೆ ಕೊನೆಯ ನಿಮಿಷವನ್ನೂ ಕೇಳಿ ನೋಡಿ, ಆಮೇಲಷ್ಟೇ ಮೂಲವನ್ನು ಅಳಿಸಬೇಕು.