ಬೀಜ ಕೊಯ್ಯುವ ಮುನ್ನ ಯಾರನ್ನು ಕೇಳಬೇಕು, ಏನೆಂದು ಕೇಳಬೇಕು

ಕಾಡುಗಿಡಗಳ ಬೀಜ ಸಂಗ್ರಹಿಸಲು ಅನುಮತಿ ಬೇಕೆಂಬುದು ಈ ಕೆಲಸಕ್ಕೆ ಇಳಿದವರಿಗೆಲ್ಲ ಗೊತ್ತು. ಆದರೆ ಜಮೀನಿನೊಳಗೆ ಕಾಲಿಡಲು ಸಿಗುವ ಒಪ್ಪಿಗೆಯನ್ನೇ ಹಲವರು ಅನುಮತಿ ಎಂದುಕೊಂಡಿರುತ್ತಾರೆ. ನೆಲದ ಒಡೆಯರು ಒಪ್ಪಿದರೂ ಗಿಡವು ಕಾನೂನಿನ ರಕ್ಷಣೆಯಲ್ಲಿರುವ ಪ್ರಭೇದವಾಗಿದ್ದರೆ ಸರ್ಕಾರದ ಪರವಾನಗಿ ಬೇರೆಯೇ ಬೇಕಾಗುತ್ತದೆ. ಅದೂ ಸಿಕ್ಕಿತೆನ್ನಿ, ಆ ಗಿಡದ ಕಾಯನ್ನೋ ತೊಗಟೆಯನ್ನೋ ತಲೆಮಾರುಗಳಿಂದ ಬಳಸುತ್ತ ಬಂದ ಸಮುದಾಯವನ್ನು ಕೇಳದೆ ಮುಂದುವರಿಯುವುದು ಸರಿಯಲ್ಲ. ರಸ್ತೆಬದಿಯ ಗಿಡ ಯಾರದೂ ಅಲ್ಲವೆಂಬ ಮಾತು ಆಗಾಗ ಕೇಳಿಬರುತ್ತದೆ. ಆ ಅಂಚಿನ ನೆಲಕ್ಕೂ ಹೊಣೆ ಹೊತ್ತವರು ಇದ್ದೇ ಇರುತ್ತಾರೆ.

ಕೇಳುವಾಗ ಬೀಜವನ್ನು ಮುಂದೆ ಏನು ಮಾಡುತ್ತೇವೆಂಬುದನ್ನೂ ಹೇಳಬೇಕು. ನನ್ನ ಮಟ್ಟಿಗೆ ಅನುಮತಿಯ ತಿರುಳು ಇರುವುದೇ ಇಲ್ಲಿ. ಹಾಳಾದ ನೆಲದಲ್ಲಿ ಮರಳಿ ಬಿತ್ತುವುದು, ಒಣಗಿಸಿ ಬೀಜ ಬ್ಯಾಂಕಿನ ಶೀತಲ ಕೋಣೆಯಲ್ಲಿಡುವುದು, ನರ್ಸರಿಯಲ್ಲಿ ಸಸಿ ಮಾಡಿ ಮಾರುವುದು, ಪ್ರಯೋಗಾಲಯದಲ್ಲಿ ಔಷಧೀಯ ಅಂಶ ಹುಡುಕುವುದು, ಇವೆಲ್ಲ ಒಂದೇ ಚೀಲದ ಬೀಜದಿಂದ ಆಗಬಹುದಾದರೂ ಒಂದಕ್ಕೆ ದೊರೆತ ಸಮ್ಮತಿ ಇನ್ನೊಂದಕ್ಕೆ ಸಲ್ಲುವುದಿಲ್ಲ. 1992ರ ಜೀವವೈವಿಧ್ಯ ಒಪ್ಪಂದವು ಆನುವಂಶಿಕ ಸಂಪನ್ಮೂಲಗಳ (ಬೀಜದಂತೆ ವಂಶವಾಹಿಗಳನ್ನು ಹೊತ್ತ, ಬಳಕೆಗೆ ಬರುವ ಜೈವಿಕ ವಸ್ತುಗಳ) ಮೇಲೆ ಆಯಾ ರಾಷ್ಟ್ರಗಳಿಗಿರುವ ಹಕ್ಕನ್ನು ಮಾನ್ಯಮಾಡಿತು. 2010ರಲ್ಲಿ ಅಂಗೀಕಾರಗೊಂಡು 2014ರಲ್ಲಿ ಜಾರಿಗೆ ಬಂದ, ಅದೇ ಒಪ್ಪಂದದ ಪೂರಕವಾದ ನಗೋಯಾ ಪ್ರೋಟೋಕಾಲ್, ವಿಷಯವನ್ನೆಲ್ಲ ತಿಳಿಸಿ ಮೊದಲೇ ಪಡೆಯುವ ಸಮ್ಮತಿ, ಪರಸ್ಪರ ಒಪ್ಪಿದ ಷರತ್ತು ಮತ್ತು ಲಾಭದ ನ್ಯಾಯಯುತ ಹಂಚಿಕೆಯನ್ನು ಇನ್ನಷ್ಟು ವಿವರವಾಗಿ ವಿಧಿಸಿತು. ಸಂಗ್ರಹಿಸಿದವರು ಕೆಲಸ ಬಿಟ್ಟುಹೋದ ಮೇಲೂ ಬೀಜ ಉಳಿದಿರುತ್ತದಾದ್ದರಿಂದ ಷರತ್ತುಗಳು ಅವರ ನೆನಪಿನಲ್ಲಿದ್ದರೆ ಸಾಲದು. ದಿನಾಂಕ ಮತ್ತು ಸ್ಥಳದ ವಿವರದೊಂದಿಗೆ ಆ ಬೀಜದ ದಾಖಲೆಯಲ್ಲೇ ಸೇರಿರಬೇಕು, ಬೀಜ ಕೈಬದಲಾದಾಗ ಜೊತೆಗೇ ಹೋಗಬೇಕು.

ಅನುಮತಿಯನ್ನು ಬರೀ ಕಾಗದಪತ್ರದ ಕಿರಿಕಿರಿಯೆಂದು ಭಾವಿಸುವ ಸಹೋದ್ಯೋಗಿಗಳಿಗೆ ನಾನು ಒಂದು ಲೆಕ್ಕ ತೋರಿಸುತ್ತೇನೆ. ಬ್ರಿಟನ್ನಿನ ಕ್ಯೂ ಸಸ್ಯೋದ್ಯಾನದ ಮಿಲೇನಿಯಂ ಬೀಜ ಬ್ಯಾಂಕ್ ಸೇರಿದಂತೆ ಹಲವು ಸಂಸ್ಥೆಗಳು ಅನುಸರಿಸುವ ನಿಯಮದಂತೆ, ಆ ದಿನ ಬಲಿತು ನಿಂತಿರುವ ಬೀಜದಲ್ಲಿ ಶೇ 20ಕ್ಕಿಂತ ಹೆಚ್ಚು ತೆಗೆಯಕೂಡದು. ಒಂದರ ಹಿಂದೊಂದರಂತೆ ಮೂರು ತಂಡಗಳು ಬಂದು, ಪ್ರತಿಯೊಂದೂ ಉಳಿದದ್ದರಲ್ಲಿ ಶೇ 20ರಷ್ಟನ್ನು ಪ್ರಾಮಾಣಿಕವಾಗಿಯೇ ಕೊಯ್ದರೆ, ಇದ್ದುದರಲ್ಲಿ ಸುಮಾರು ಅರ್ಧ ಖಾಲಿಯಾಗಿರುತ್ತದೆ. ತಮಗಿಂತ ಮೊದಲು ಯಾರು ಬಂದಿದ್ದರೆಂಬುದು ಆ ತಂಡಗಳಿಗೆ ತಿಳಿಯದು. ನೆಲವನ್ನು ನೋಡಿಕೊಳ್ಳುವವರಿಗೆ ತಿಳಿದಿರುತ್ತದೆ. ಒಮ್ಮೆ ಮಾತ್ರ ಹೂಬಿಟ್ಟು ಸಾಯುವ ಗಿಡಗಳಿಗೂ ಬೀಜದಿಂದಲೇ ವರ್ಷವರ್ಷ ಮರುಹುಟ್ಟುವ ಏಕವಾರ್ಷಿಕಗಳಿಗೂ ಈ ಮಿತಿಯೂ ಹೆಚ್ಚಾದೀತು.

ಕೊಟ್ಟವರಿಗೆ ನಾವು ಮರಳಿ ಕೊಡಬೇಕಾದ ಮೊದಲನೆಯದು ಮಾಹಿತಿ: ಎಷ್ಟು ತೆಗೆದೆವು, ಅದರಲ್ಲಿ ಜೊಳ್ಳೆಷ್ಟು, ಮೊಳೆತದ್ದೆಷ್ಟು. ಅವರು ಬಯಸಿದರೆ ಸಸಿಗಳನ್ನೂ ಕೊಡಬಹುದು. ಅಪರೂಪದ ಗಿಡದ ನಿಖರ ನೆಲೆಯನ್ನಾಗಲಿ, ಮಾತಿನ ನಡುವೆ ಅವರು ಹೇಳಿದ ಮದ್ದಿನ ಗುಣವನ್ನಾಗಲಿ ಪ್ರತ್ಯೇಕವಾಗಿ ಕೇಳದೆ ಪ್ರಕಟಿಸಬಾರದು. ಬೀಜಕ್ಕೆ ಒಪ್ಪಿದವರು ಅರಿವನ್ನು ಹಂಚಲೂ ಒಪ್ಪಿದ್ದಾರೆಂದು ಊಹಿಸಿಕೊಳ್ಳುವ ಹಕ್ಕು ನಮಗಿಲ್ಲ. ಬೇಡವೆಂದವರನ್ನು ಕಾರಣ ಕೇಳಿ ಪೀಡಿಸುವುದೂ ಸಲ್ಲದು. ಇನ್ನು ಅನುಮತಿ ಕೈಯಲ್ಲಿದ್ದೂ ಫಸಲು ತೆಳುವಾಗಿದ್ದರೆ ಆ ವರ್ಷ ಕೊಯ್ಯದೆ ಬಿಟ್ಟು, ಬಿಟ್ಟ ಕಾರಣವನ್ನು ಅನುಮತಿ ಕೊಟ್ಟವರಿಗೆ ತಿಳಿಸಬೇಕು. ಮುಂದಿನ ವರ್ಷ ಕಾಯಿ ಚೆನ್ನಾಗಿ ಕಟ್ಟಿದರೆ ಅದನ್ನು ಮೊದಲು ಕಾಣುವವರು ಅವರೇ.